ಕೊಂಡದ್ದೆಲ್ಲ ಖರ್ಚಲ್ಲ

ದೀಪಾವಳಿಯಂದು ಹೊಸ ಲೆಕ್ಕದ ಪುಸ್ತಕಕ್ಕೆ ಪೂಜೆ ಸಲ್ಲಿಸಿ ವ್ಯಾಪಾರದ ವರ್ಷ ಆರಂಭಿಸುವುದು ನಮ್ಮ ಮನೆತನಗಳಲ್ಲಿ ಬಹುಕಾಲದಿಂದ ನಡೆದುಬಂದ ಪದ್ಧತಿ. ಒಂದು ಕಾಲದಲ್ಲಿ ಆದಾಯ ತೆರಿಗೆಗೂ ಅದೇ ವರ್ಷ ನಡೆಯುತ್ತಿತ್ತು. 1989-90ರ ಕರನಿರ್ಧಾರಣಾ ವರ್ಷದಿಂದ ಎಲ್ಲರ ಲೆಕ್ಕವೂ ಮಾರ್ಚ್ 31ಕ್ಕೇ ಮುಗಿಯಬೇಕೆಂದಾಯಿತು. 1961ರ ಕಾಯ್ದೆಯ ಸ್ಥಾನದಲ್ಲಿ 2026ರ ಏಪ್ರಿಲ್ 1ರಿಂದ ಅನ್ವಯವಾಗುವ 2025ರ ಕಾಯ್ದೆಯೂ ಈ ದಿನಾಂಕವನ್ನು ಬದಲಿಸಿಲ್ಲ. ಪೂಜೆ ದೀಪಾವಳಿಗೇ ಇರಲಿ, ಸರಕು ಎಣಿಸುವ ಕೆಲಸ ಮಾತ್ರ ಮಾರ್ಚ್ 31ರ ಸಂಜೆಯದು. ದೊಡ್ಡ ಅಂಗಡಿಗಳಲ್ಲಿ ಗುಮಾಸ್ತರು ಇದನ್ನು ತಪ್ಪದೆ ಮಾಡುತ್ತಾರೆ. ಮನೆಯಲ್ಲೇ ಕೈಕೆಲಸದ ಚಿಕ್ಕ ಉದ್ಯಮ ಇಟ್ಟುಕೊಂಡವರು ಹಲವರು ಬಿಲ್ಲುಗಳನ್ನು ಕೂಡಿಸಿ, ಕೊಂಡದ್ದಷ್ಟನ್ನೂ ಖರ್ಚೆಂದು ಬರೆದು ಸುಮ್ಮನಾಗುತ್ತಾರೆ.

ತಾಳವಾಡಿ ಗುಡ್ಡದ ಜೀರಹಳ್ಳಿಯನ್ನೇ ತೆಗೆದುಕೊಳ್ಳೋಣ. ಊರು ತಮಿಳುನಾಡಿನ ಈರೋಡು ಜಿಲ್ಲೆಯದು, ಆಡುವ ಮಾತು ಕನ್ನಡ. ಸತ್ಯಮಂಗಲದ ಕಡೆಗೆ ಹೋಗಬೇಕಾದರೆ ದಿಂಬಂ ಘಟ್ಟದ 27 ತಿರುವು ಇಳಿಯಬೇಕು, ಆದ್ದರಿಂದ ವ್ಯಾಪಾರಕ್ಕೆ ಚಾಮರಾಜನಗರವೇ ಅನುಕೂಲ. ಅಲ್ಲಿ ಒಂದು ಮನೆಯವರು ಬಿದಿರಿನ ಬುಟ್ಟಿ, ದೀಪದ ಗೂಡು ಹೆಣೆಸಿ ಮಾರುತ್ತಾರೆಂದು ಭಾವಿಸಿ. ವರ್ಷದ ಆರಂಭದಲ್ಲಿ 20,000 ರೂಪಾಯಿಯ ಸಾಮಾನಿತ್ತು. ವರ್ಷದಲ್ಲಿ ಕೊಂಡದ್ದು 1,20,000. ಮಾರ್ಚ್ 31ರಂದು ಉಳಿದದ್ದು 50,000. ಹಾಗಾದರೆ ಮಾರಾಟಕ್ಕೆ ಎದುರಾಗಿ ಬರೆಯಬೇಕಾದ ಸಾಮಾನಿನ ಖರ್ಚು 90,000 ಮಾತ್ರ. ಬಿಲ್ಲು ಕೂಡಿಸಿ 1,20,000 ಬರೆದರೆ ಲಾಭ 30,000ದಷ್ಟು ಕಡಿಮೆ ಕಾಣುತ್ತದೆ. ಮರುವರ್ಷ ಆ ಹಳೆಯ ಸರಕೇ ಮಾರಾಟವಾದಾಗ ಎದುರಿಗೆ ಖರ್ಚೇ ಇಲ್ಲದೆ ಲಾಭ ಉಬ್ಬುತ್ತದೆ, ತೆರಿಗೆಯೂ ಅದರೊಡನೆ ಏರುತ್ತದೆ. ಅಧಿಕಾರಿ ಕೇಳಿದರೆ ತೋರಿಸಲು ಪಟ್ಟಿಯೂ ಇರುವುದಿಲ್ಲ.

ಎಣಿಸುವುದೆಂದರೆ ಕಪಾಟಿನಲ್ಲಿ ಕಾಣುವುದನ್ನಷ್ಟೇ ಎಣಿಸುವುದಲ್ಲ. ಸೀಳಿಟ್ಟ ದಬ್ಬೆ, ಅರ್ಧ ಹೆಣೆದ ಬುಟ್ಟಿಗಳೂ ದಾಸ್ತಾನೇ. ಹೆಣೆಯುವ ಹೆಣ್ಣುಮಕ್ಕಳ ಮನೆಗೆ ಕಳುಹಿಸಿದ ಬಿದಿರು ಅವರ ಮನೆಯಲ್ಲಿದ್ದರೂ ನಿಮ್ಮದೇ. ಮೈಸೂರಿನ ಅಂಗಡಿಗೆ 'ಮಾರಿದ ಮೇಲೆ ಹಣ ಕೊಡಿ' ಎಂದು ಬಿಟ್ಟುಬಂದ ಸರಕು ಮಾರಾಟವಾಗುವವರೆಗೆ ನಿಮ್ಮ ಲೆಕ್ಕದ್ದು. ಇದನ್ನೇ ಹೆಚ್ಚು ಜನ ಮರೆಯುತ್ತಾರೆ. ಅಂಗಡಿಯವರಿಂದ ಮಾರ್ಚ್ ಕೊನೆಗೆ ಒಂದು ಚೀಟಿ ಬರೆಸಿಕೊಂಡರೆ ಸಾಕು. ಉಪ್ಪುಕಾಗದ, ಅಂಟು, ದಬ್ಬಳದಂಥ ಸಣ್ಣಪುಟ್ಟವನ್ನು ಕೊಂಡಾಗಲೇ ಖರ್ಚಿಗೆ ಹಾಕಬಹುದು, ಆದರೆ ವರ್ಷ ವರ್ಷವೂ ಅದೇ ರೀತಿ ಇರಬೇಕು. ಮುಚ್ಚಳ ತೆಗೆಯದ ವಾರ್ನಿಷ್ ಡಬ್ಬಿಗಳ ಸಾಲೇ ಇದ್ದರೆ ಅದು ಪಟ್ಟಿಗೆ ಸೇರಬೇಕು.

ಬೆಲೆ ಕಟ್ಟುವಾಗ ಅಸಲು ಬೆಲೆ ಅಥವಾ ಈಗ ಮಾರಿದರೆ ಸಿಗುವ ಬೆಲೆ, ಇವೆರಡರಲ್ಲಿ ಕಡಿಮೆಯದು. ದಾಸ್ತಾನಿಗೆ ಬೆಲೆ ಕಟ್ಟಿದ ಮಾತ್ರಕ್ಕೆ ಲಾಭ ಹುಟ್ಟುವುದಿಲ್ಲವೆಂದು ಸುಪ್ರೀಂ ಕೋರ್ಟು ಚೈನ್‌ರೂಪ್ ಸಂಪತ್‌ರಾಮ್ ಪ್ರಕರಣದಲ್ಲಿ 1953ರಲ್ಲೇ ಹೇಳಿದೆ. ಕುಟ್ಟೆ ಹಿಡಿದ ಬಿದಿರಿಗೆ ಕೊಂಡ ಬೆಲೆ ಹಾಕಬೇಕಾಗಿಲ್ಲ. ಅಸಲಿಗೆ ಸಾಗಾಣಿಕೆಯೂ ಹೆಣೆದವರಿಗೆ ಕೊಟ್ಟ ಕೂಲಿಯೂ ಸೇರುತ್ತದೆ. ಯಜಮಾನರು ತಾವೇ ಕೂತು ಹೆಣೆದ ಶ್ರಮಕ್ಕೆ ಕೂಲಿ ಹಾಕುವಂತಿಲ್ಲ, ಅದು ಲಾಭವಾಗಿಯೇ ಬರಬೇಕು. ಜಿಎಸ್‌ಟಿ ನೋಂದಣಿ ಇಲ್ಲದವರಿಗೆ ಬಿಲ್ಲಿನಲ್ಲಿ ಕೊಟ್ಟ ತೆರಿಗೆಯೂ ಅಸಲಿನ ಭಾಗ. ನೋಂದಣಿ ಇದ್ದವರು ಹಾಳಾದ ಸರಕಿಗೂ ಉಡುಗೊರೆಯಾಗಿ ಕೊಟ್ಟದ್ದಕ್ಕೂ ಪಡೆದಿದ್ದ ತೆರಿಗೆ ಜಮೆಯನ್ನು ಹಿಂದಿರುಗಿಸಬೇಕು. ಮಗಳ ಮದುವೆಯ ಉಡುಗೊರೆಗೆಂದು ಮಳಿಗೆಯಿಂದ ಎತ್ತಿದ ನೂರು ಬುಟ್ಟಿಯನ್ನು ಆ ದಿನವೇ ಬರೆದಿಡಿ.

ಎರಡು ಕೋಟಿ ರೂಪಾಯಿ ವಹಿವಾಟಿನ ಒಳಗಿನವರು ನಗದು ಮಾರಾಟಕ್ಕೆ ನೂರಕ್ಕೆ 8, ಬ್ಯಾಂಕಿನ ಮೂಲಕ ಬಂದದ್ದಕ್ಕೆ 6ರಂತೆ ಅಂದಾಜು ಲಾಭ ತೋರಿಸುವ ಅವಕಾಶವಿದೆಯಲ್ಲ, ಆಗ ಈ ಪಟ್ಟಿ ಏಕೆ ಎಂದು ನೀವು ಕೇಳಬಹುದು. ತೆರಿಗೆಯ ಲೆಕ್ಕ ಆಗ ದಾಸ್ತಾನನ್ನು ಅವಲಂಬಿಸುವುದಿಲ್ಲ, ನಿಜ. ಆದರೆ ಆ ಸುಲಭ ರಿಟರ್ನಿನ ನಮೂನೆಯಲ್ಲೂ ದಾಸ್ತಾನಿನ ಮೊತ್ತ ಬರೆಯುವ ಜಾಗವಿದೆ. ಸಾಲಕ್ಕೆ ಹೋದರೆ ಬ್ಯಾಂಕೂ ಕೇಳುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಬುಟ್ಟಿ ಮಾರಿ ನಿಜವಾಗಿ ಉಳಿಯಿತೋ ಇಲ್ಲವೋ ಎಂಬುದು ಮನೆಯವರಿಗೇ ತಿಳಿದಿರಬೇಡವೇ?

ಇನ್ನು ಗಡಿಯ ವಿಷಯ. ಜೀರಹಳ್ಳಿಯಿಂದ ಚಾಮರಾಜನಗರಕ್ಕೆ ಹೋದರೆ ರಾಜ್ಯವೇ ಬದಲಾಗುತ್ತದೆ. ತಮಿಳುನಾಡಿನೊಳಗೆ ಮಾತ್ರ ಸರಕು ಮಾರುವವರಿಗೆ ನೋಂದಣಿಯ ಮಿತಿ 40 ಲಕ್ಷ. ಗಡಿ ದಾಟಿಸಿ ಮಾರಿದರೆ ಸಾಮಾನ್ಯವಾಗಿ ಮೊದಲ ರೂಪಾಯಿಗೇ ನೋಂದಣಿ ಬೇಕು. ಕಾಂಪೊಸಿಷನ್ ಯೋಜನೆಯವರಂತೂ ಹೊರರಾಜ್ಯಕ್ಕೆ ಮಾರುವಂತೆಯೇ ಇಲ್ಲ. ನೋಂದಣಿ ಇದ್ದವರು ಚಾಮರಾಜನಗರದಲ್ಲಿ ಸಾಮಾನು ಕೊಳ್ಳುವಾಗ ತಮ್ಮ ಜಿಎಸ್‌ಟಿ ಸಂಖ್ಯೆ ಕೊಟ್ಟು ಐಜಿಎಸ್‌ಟಿ ಬಿಲ್ಲನ್ನೇ ಕೇಳಬೇಕು, ಕರ್ನಾಟಕದ ಎಸ್‌ಜಿಎಸ್‌ಟಿ ಹಾಕಿದ ಬಿಲ್ಲಿನ ತೆರಿಗೆ ಅವರಿಗೆ ಜಮೆಯಾಗದು.

ಕುಶಲಕರ್ಮಿಗಳು ಪ್ರಧಾನವಾಗಿ ಕೈಯಿಂದಲೇ ಮಾಡಿದ ವಸ್ತುಗಳಿಗೆ ಮಾತ್ರ 2018ರ ಅಕ್ಟೋಬರಿನ ಅಧಿಸೂಚನೆಯಲ್ಲಿ ರಿಯಾಯಿತಿ ಇದೆ. ಬಿದಿರಿನ ಅಲಂಕಾರಿಕ ಹಾಗೂ ಬಳಕೆಯ ವಸ್ತುಗಳು ಆ ಪಟ್ಟಿಯಲ್ಲಿವೆ. ಒಟ್ಟು ವಹಿವಾಟು 20 ಲಕ್ಷ ಮೀರದಿದ್ದರೆ ನೋಂದಣಿಯಿಲ್ಲದೆಯೇ ಹೊರರಾಜ್ಯಕ್ಕೆ ಮಾರಬಹುದು. ಪ್ಯಾನ್ ಇರಬೇಕು, ಇ-ವೇ ಬಿಲ್ಲೂ ಬೇಕು. ಬೇರೆ ಸರಕಿಗಿರುವ 50,000 ರೂಪಾಯಿಯ ಮಿತಿ ಇಲ್ಲಿ ಲೆಕ್ಕಕ್ಕಿಲ್ಲ, ವ್ಯಾನಿಗೆ ಹೇರಿದ್ದು ಎರಡು ಸಾವಿರದ ಬುಟ್ಟಿಯಾದರೂ ಹೊರಡುವ ಮೊದಲೇ ಅದನ್ನು ತೆಗೆದಿರಬೇಕು.