ಪುಟ್ಟ ಮನೆಯ ಹಾಲ್ ಯಾರಿಗಾಗಿ?

ಮನೆ ಚಿಕ್ಕದು, ಎಷ್ಟು ಜೋಡಿಸಿದರೂ ಲಕ್ಷಣವಾಗಿ ಕಾಣೋದಿಲ್ಲ ಅನ್ನುವುದು ನಿಮ್ಮ ದೂರೇ? ಹಾಗಾದರೆ ಒಂದು ಕೆಲಸ ಮಾಡಿ. ಟೇಪು ಹಿಡಿದು ಹಾಲ್‌ನಲ್ಲಿರುವ ಸೋಫಾ ಸೆಟ್ ಅಳೆಯಿರಿ. ಮೂವರು ಕೂರುವ ಸೋಫಾ ಸುಮಾರು 18 ಚದರ ಅಡಿ, ಒಂಟಿ ಸೋಫಾಗಳೆರಡೂ ಸೇರಿ 16, ನಡುವಿನ ಟೀಪಾಯ್ 7. ಒಟ್ಟು 41 ಚದರ ಅಡಿ! 10 ಅಡಿ ಅಗಲ, 12 ಅಡಿ ಉದ್ದದ ಹಾಲ್‌ನಲ್ಲಿ ಇರುವುದೇ 120 ಚದರ ಅಡಿ. ಅದರಲ್ಲಿ ಮೂರನೇ ಒಂದು ಪಾಲು ಸೋಫಾಕ್ಕೇ ಹೋಯಿತಲ್ಲ?

ಇಷ್ಟೆಲ್ಲ ಯಾರಿಗಾಗಿ? ಬರುವ ಅತಿಥಿಗಳಿಗಾಗಿ. ಅವರು ಬರೋದು ತಿಂಗಳಿಗೆ ಎರಡು ಸಲವೋ ಮೂರು ಸಲವೋ. ದಿನವೂ ಅದೇ ಮನೆಯಲ್ಲಿರುವ ಮಗಳು ಮಾತ್ರ ಮಂಚದ ಮೇಲೆ ಬೆನ್ನು ಬಗ್ಗಿಸಿಕೊಂಡು ಓದುತ್ತಾಳೆ. ಮಾವನವರು ಪೇಪರ್ ಓದಲು ಬೆಳಕು ಹುಡುಕುತ್ತಾರೆ. ನೀವಂತೂ ಕಾಫಿ ಕುಡಿಯೋದು ಅಡುಗೆಮನೆಯಲ್ಲಿ ನಿಂತುಕೊಂಡೇ. ಚಿಕ್ಕ ಮನೆಯ ಅಲಂಕಾರದ ಮಾತು ಶುರುವಾಗಬೇಕಾದದ್ದು ಇಲ್ಲಿಂದ. ಮೊದಲು ಮನೆಯಲ್ಲಿರುವವರಿಗೆ ಜಾಗ, ಆಮೇಲೆ ಬಂದುಹೋಗುವವರಿಗೆ.

ಮನೆ ಚಿಕ್ಕದಾಯಿತು, ಸಾಮಾನು?

ದಾವಣಗೆರೆ 1997ರಲ್ಲಿ ಜಿಲ್ಲಾ ಕೇಂದ್ರವಾಯಿತು. ಅಂದಿನಿಂದ ಊರು ಬೆಳೆಯಿತು, ನಿವೇಶನದ ಬೆಲೆಯೂ ಏರಿತು. ಮಂಡಿಪೇಟೆ, ಚೌಕಿಪೇಟೆ ಕಡೆಯ ಕೂಡುಕುಟುಂಬಗಳು ಪಾಲಾಗಿ ಅಣ್ಣತಮ್ಮಂದಿರು 20x30 ಅಡಿಯ ಮನೆಗೋ ಎರಡು ಬೆಡ್‌ರೂಮಿನ ಫ್ಲ್ಯಾಟ್‌ಗೋ ಬಂದರು. ಆದರೆ ಜೊತೆಗೆ ಬಂದ ಬೀರು, ಮಂಚ, ಹಂಡೆ, ಕೊಪ್ಪರಿಗೆ ಎಲ್ಲ ದೊಡ್ಡ ಮನೆಯವು! ಮನೆ ಚಿಕ್ಕದಾಯಿತು, ಸಾಮಾನು ಚಿಕ್ಕದಾಗಲಿಲ್ಲ. ನಮ್ಮ ತಾಪತ್ರಯದ ಮೂಲ ಇದೇ ನೋಡಿ.

ಹಾಗೆ ನೋಡಿದರೆ ಸಣ್ಣ ಜಾಗದಲ್ಲಿ ಬದುಕುವುದು ನಮಗೇನು ಹೊಸದಲ್ಲ. ದಾವಣಗೆರೆಯಲ್ಲಿ ಹತ್ತಿ ಗಿರಣಿಗಳು ನಡೆಯುತ್ತಿದ್ದ ಕಾಲದ ವಠಾರಗಳನ್ನು ನೆನಪಿಸಿಕೊಳ್ಳಿ. ಹರಿಹರದಲ್ಲಿ 1941ರಲ್ಲಿ ಶುರುವಾಗಿ ಈಗ ಮುಚ್ಚಿಹೋಗಿರುವ ಕಿರ್ಲೋಸ್ಕರ್ ಕಾರ್ಖಾನೆಯನ್ನು ನಂಬಿ ಸಂಸಾರ ಹೂಡಿದವರನ್ನು ಕೇಳಿ. ಒಂದೇ ಕೋಣೆ ಬೆಳಿಗ್ಗೆ ಊಟದ ಮನೆ, ಸಂಜೆ ಓದುವ ಮನೆ, ರಾತ್ರಿ ಮಲಗುವ ಮನೆ. ಹಾಸಿಗೆ ಸುತ್ತಿಟ್ಟರೆ ನೆಲವೆಲ್ಲ ಖಾಲಿ. ಗೋಡೆಯಲ್ಲೇ ಗೂಡು, ತಲೆಯ ಮೇಲೆ ಅಟ್ಟ. ಇಂದು ದುಬಾರಿ ಇಂಟೀರಿಯರ್ ಡಿಸೈನರ್ ಹೇಳುವುದೂ ಇದನ್ನೇ!

ಒಂದು ಸಾಮಾನು, ಎರಡು ಕೆಲಸ

ಹರಿ, ಹರ ಇಬ್ಬರೂ ಒಂದೇ ಮೂರ್ತಿಯಲ್ಲಿ ನೆಲೆಸಿದ ಊರು ನಮ್ಮ ಪಕ್ಕದಲ್ಲೇ ಇದೆ. ನಮ್ಮ ಮನೆಯ ಒಂದು ಸಾಮಾನು ಎರಡು ಕೆಲಸ ಮಾಡಬಾರದೇ?

* ಒಂಟಿ ಸೋಫಾಗಳ ಬದಲು ಗೋಡೆಗೆ ಒತ್ತಿ ಒಂದು ದಿವಾನ್ ಹಾಕಿಸಿ. ಹಗಲು ಕೂರಲು, ರಾತ್ರಿ ಒಬ್ಬರು ಮಲಗಲು. ಒಳಗಿನ ಪೆಟ್ಟಿಗೆಯಲ್ಲಿ ಚಾದರ, ಕಂಬಳಿ, ಹೆಚ್ಚುವರಿ ದಿಂಬು.

* ಗೋಡೆಗೆ ಕೀಲು ಹಾಕಿ ಮಡಚುವ ಹಲಗೆ ಕೂರಿಸಿ. 3 ಅಡಿ ಉದ್ದ, 2 ಅಡಿ ಅಗಲ ಸಾಕು. ಬಿಚ್ಚಿದರೆ ಮಗಳ ಓದುವ ಮೇಜು, ಮಡಚಿದರೆ ಓಡಾಡಲು ದಾರಿ.

* ಬೀರುವಿನ ಬಾಗಿಲು ಎರಡೂವರೆ ಅಡಿ ಅಗಲ ಇದ್ದರೆ ಅದು ತೆರೆದುಕೊಳ್ಳಲು ಸುಮಾರು 5 ಚದರ ಅಡಿ ನೆಲ ಬೇಕು. ಹೊಸದಾಗಿ ಮಾಡಿಸುವವರು ಜಾರು ಬಾಗಿಲು ಕೇಳಿ.

* ಬಾಗಿಲ ಮೇಲಿನ ಮಟ್ಟದಲ್ಲಿ, ಅಂದರೆ 7 ಅಡಿ ಎತ್ತರದಲ್ಲಿ, ಗೋಡೆಯುದ್ದಕ್ಕೂ ಹಲಗೆ ಹೊಡೆಸಿ. ಹಗುರವಾದದ್ದು ಮೇಲೆ, ಭಾರವಾದದ್ದು ಕೆಳಗೆ. ಮಂಡಕ್ಕಿ ಡಬ್ಬಿ ನೋಡಲು ದೊಡ್ಡದು, ತೂಕವಿಲ್ಲ, ಅದು ಮೇಲಕ್ಕೆ ಹೋಗಲಿ. ಅಕ್ಕಿ, ಜೋಳದ ಡಬ್ಬಿ ನೆಲದ ಮಟ್ಟದಲ್ಲೇ ಇರಲಿ. ಮಲಗುವ ಜಾಗದ ನೇರ ಮೇಲೆ ಹಿತ್ತಾಳೆ ಪಾತ್ರೆ ಖಂಡಿತ ಬೇಡ.

* ಬಟ್ಟೆ ಒಣಗಿಸಲು ನೆಲದ ಸ್ಟ್ಯಾಂಡ್ ಬದಲು ಬಾಲ್ಕನಿ ಸೂರಿಗೆ ರಾಟೆ ಹಾಕಿದ ಹ್ಯಾಂಗರ್ ಕಟ್ಟಿಸಿ. ಹಗ್ಗ ಎಳೆದರೆ ಬಟ್ಟೆ ಮೇಲೇರುತ್ತದೆ, ಕೆಳಗೆ ತುಳಸಿ ಕುಂಡಕ್ಕೆ ಜಾಗ ಉಳಿಯುತ್ತದೆ.

ಬಾಡಿಗೆ ಮನೆಯಲ್ಲಿ ಮೊಳೆ ಹೊಡೆಯಲು ಮಾಲೀಕರು ಬಿಡೋಲ್ಲ ಅಂತೀರಾ? ಅಗಲ ಕಡಿಮೆ, ಎತ್ತರ ಜಾಸ್ತಿ ಇರುವ ಕಬ್ಬಿಣದ ರ‍್ಯಾಕ್ ತನ್ನಿ. ಮನೆ ಬದಲಿಸಿದರೆ ಅದೂ ಜೊತೆಗೇ ಬರುತ್ತದೆ.

ಬೆಳಕು, ಗಾಳಿ ಇದ್ದರೆ ಅರ್ಧ ಅಲಂಕಾರ

ನಮ್ಮೂರಿನ ಬೇಸಿಗೆ ಗೊತ್ತೇ ಇದೆಯಲ್ಲ. ಆದರೂ ಎಷ್ಟೋ ಮನೆಗಳಲ್ಲಿ ಕಿಟಕಿಗೆ ಅಡ್ಡಲಾಗಿ ಬೀರು ನಿಂತಿರುತ್ತದೆ! ಮೊದಲು ಅದನ್ನು ಸರಿಸಿ. ಎದುರುಬದುರು ಎರಡು ಕಿಟಕಿ ತೆರೆದಿದ್ದರೆ ಗಾಳಿ ತಾನಾಗಿ ಓಡಾಡುತ್ತದೆ. ಗೋಡೆಗೆ ಕೆನೆ ಬಣ್ಣ, ತಿಳಿ ಹಳದಿ, ತಿಳಿ ಹಸಿರು ಹೊಂದುತ್ತವೆ. ಸೂರಿಗೆ ಬಿಳಿಯೇ ಇರಲಿ. ಪರದೆಯ ಕಂಬಿಯನ್ನು ಕಿಟಕಿಯ ಚೌಕಟ್ಟಿಗೆ ಹಾಕದೆ ಸೂರಿನ ಹತ್ತಿರ ಹಾಕಿದರೆ ಕೋಣೆ ಎತ್ತರವಾಗಿ ಕಾಣುತ್ತದೆ. ಕಿಟಕಿಗೆ ಎದುರಾಗಿ ಕನ್ನಡಿ ತೂಗುಹಾಕಿದರೆ ಹೊರಗಿನ ಬೆಳಕು ಇಮ್ಮಡಿಯಾದಂತೆ ಅನಿಸುತ್ತದೆ. ಪಶ್ಚಿಮದ ಬಿಸಿಲು ಹೊಡೆಯುವ ಕಿಟಕಿಗೆ ಮಾತ್ರ ದಪ್ಪ ಪರದೆ ಬೇಕು.

ಅಡುಗೆಮನೆ ಚೆಂದ ಕಾಣಲಿ ಎಂದು ಗ್ಯಾಸ್ ಸಿಲಿಂಡರನ್ನು ಮುಚ್ಚಿದ ಕಪಾಟಿನೊಳಗೆ ಬಚ್ಚಿಡುವವರಿಗೆ ಒಂದು ಎಚ್ಚರಿಕೆ. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ನೆಲದ ಮಟ್ಟದಲ್ಲೇ ತುಂಬಿಕೊಳ್ಳುತ್ತದೆ. ಕಪಾಟಿನ ಬಾಗಿಲಿನ ಕೆಳಭಾಗದಲ್ಲಿ ಗಾಳಿಕಿಂಡಿ ಇರಲೇಬೇಕು. ಸಿಲಿಂಡರ್ ಸದಾ ನೆಟ್ಟಗೆ ನಿಂತಿರಬೇಕು. ಚೆಂದಕ್ಕಿಂತ ಜೀವ ದೊಡ್ಡದು.

ಅತ್ತೆಯವರ ಹಂಡೆ ಏನು ಮಾಡೋದು?

ಬೇಡದ್ದನ್ನು ಹೊರಗೆ ಹಾಕಿ ಅಂತ ಹೇಳೋದು ಸುಲಭ. ಮನೆಯಲ್ಲಿ ಹಿರಿಯರಿದ್ದಾಗ ಅದು ಅಷ್ಟು ಸುಲಭವಲ್ಲ. ನಿಮಗೆ ಅದು ಹಳೇ ಪಾತ್ರೆ. ಅವರಿಗೆ ತವರಿನ ನೆನಪು. ಹೇಳದೆ ಕೇಳದೆ ಗುಜರಿಗೆ ಹಾಕಿದರೆ ಮನೆಯಲ್ಲಿ ಜಾಗ ಹೆಚ್ಚೀತು, ಮನಸ್ಸಿನಲ್ಲಿ ಕಡಿಮೆಯಾದೀತು. ಅವರನ್ನೇ ಕೂರಿಸಿಕೊಂಡು ಕೇಳಿ. ಇದರಲ್ಲಿ ಯಾವುದು ಇರಲೇಬೇಕು, ಯಾವುದನ್ನು ಯಾರಿಗೆ ಕೊಡೋಣ? ಉಳಿದ ಒಂದು ಹಂಡೆಯನ್ನು ಹುಣಸೆಹಣ್ಣಿನಲ್ಲಿ ತಿಕ್ಕಿ ಹೊಳಪು ಬರಿಸಿ, ಮೇಲೆ ದಪ್ಪ ಗಾಜು ಇಟ್ಟರೆ ಅದೇ ಟೀಪಾಯ್. ಬಂದವರು ಮೊದಲು ಕೇಳೋದೂ ಅದರ ಬಗ್ಗೆಯೇ. ಹೇಳುವ ಸಂತೋಷ ಅತ್ತೆಯವರಿಗೇ ಇರಲಿ. ಇನ್ನು ನಿಮ್ಮ ಸರದಿ. ಒಡೆದ ಪ್ಲಾಸ್ಟಿಕ್ ಡಬ್ಬಿ, ಉಡುಗೊರೆ ಬಂದ ಗೋಡೆ ಗಡಿಯಾರಗಳು, ಎರಡು ವರ್ಷದಿಂದ ಮುಟ್ಟದ ಮಿಕ್ಸಿ ಜಾರ್... ಇವನ್ನು ಬಿಡಲು ಯಾರನ್ನೂ ಕೇಳಬೇಕಿಲ್ಲ.

‘ದುಗ್ಗಮ್ಮನ ಜಾತ್ರೆಗೆ ಮನೆ ತುಂಬ ನೆಂಟರು ಬರ್ತಾರಲ್ಲ, ಆಗ ಸೋಫಾ ಬೇಡವೇ?’ ಎಂದು ಕೇಳಬಹುದು. ಜಾತ್ರೆ ಬರುವುದು ಎರಡು ವರ್ಷಕ್ಕೊಮ್ಮೆ. ಅಷ್ಟು ಜನ ಬಂದಾಗ ಮೂರು ಜನರ ಸೋಫಾ ಯಾವ ಲೆಕ್ಕಕ್ಕೆ? ಆಗ ಕೈಹಿಡಿಯುವುದು ಚಾಪೆ, ಜಮಖಾನ ಮತ್ತು ಖಾಲಿ ನೆಲವೇ. ನೆಲ ಖಾಲಿ ಇರುವ ಮನೆಯಲ್ಲಿ ಹತ್ತು ಜನ ಸಾಲಾಗಿ ಊಟಕ್ಕೆ ಕೂರಬಹುದು. ಸೋಫಾ ತುಂಬಿದ ಮನೆಯಲ್ಲಿ ತಟ್ಟೆ ಹಿಡಿದು ನಿಲ್ಲಬೇಕು ಅಷ್ಟೆ.

ಕೊನೆಯದಾಗಿ ಒಂದು ಮಾತು. ಇಷ್ಟೆಲ್ಲ ಸರಿಸಿ, ಮಡಚಿ, ಜೋಡಿಸಿ ಮುಗಿಸಿದ ಮೇಲೆ ಉಳಿದ ಜಾಗವನ್ನು ಮತ್ತೊಂದು ಷೋಕೇಸ್‌ಗೆ ಕೊಡಬೇಡಿ. ಕಿಟಕಿಯ ಪಕ್ಕದ ಎರಡು ಅಡಿ ಜಾಗವನ್ನು ನಿಮಗಾಗಿ ಇಟ್ಟುಕೊಳ್ಳಿ. ಅಲ್ಲೊಂದು ಕುರ್ಚಿ, ಕೈಗೆಟಕುವಂತೆ ಒಂದು ಗೂಡು. ಅದರಲ್ಲಿ ನೀವು ಓದುವ ಪುಸ್ತಕವೋ, ಅರ್ಧ ಹಾಕಿದ ಕಸೂತಿಯೋ ಇರಲಿ. ಅದರ ಮೇಲೆ ಯಾರೂ ಬ್ಯಾಗು, ಹೆಲ್ಮೆಟ್ ಎಸೆಯಬಾರದು ಎಂದು ಮನೆಯವರಿಗೆಲ್ಲ ಸ್ಪಷ್ಟವಾಗಿ ಹೇಳಿಬಿಡಿ. ಇಡೀ ಮನೆಗೆ ಜಾಗ ಮಾಡಿಕೊಡುವ ಹೆಣ್ಣುಮಗಳಿಗೆ ಆ ಮನೆಯಲ್ಲಿ ಕೂತು ಒಂದು ಲೋಟ ಕಾಫಿ ಕುಡಿಯಲು ಜಾಗ ಇಲ್ಲ ಎಂದರೆ ಆ ಅಲಂಕಾರಕ್ಕೆ ಅರ್ಥವೇನು, ಹೇಳಿ?