ಫಟಫಟಿಗೂ ಒಂದು ಕಾರಹುಣ್ಣಿಮೆ ಇರಲಿ

ಕಾರಹುಣ್ಣಿಮೆಗೆ ಎತ್ತಿನ ಮೈ ತೊಳೆದು, ಕೋಡಿಗೆ ಬಣ್ಣ ಬಳಿದು ಮೆರೆಸುತ್ತೇವೆ. ಅದಕ್ಕೂ ಮೊದಲು ಗೊರಸು ನೋಡುತ್ತೇವೆ, ಹೆಗಲು ನೋಡುತ್ತೇವೆ. ಮುಂಗಾರು ಕೆಲಸಕ್ಕೆ ಹೂಡುವ ಮುಂಚೆ ಅದು ಗಟ್ಟಿಯಾಗಿರಲಿ ಅಂತ. ಆದರೆ ಯಾದಗಿರಿ, ಶಹಾಪುರ, ಸುರಪುರ ಸೀಮೆಯಲ್ಲಿ ಇವತ್ತು ಎತ್ತಿನ ಅರ್ಧ ಕೆಲಸ ಮಾಡುತ್ತಿರುವುದು ಫಟಫಟಿ. ಯೂರಿಯಾ ಚೀಲ ಹೊರುವುದು ಅದೇ, ಹತ್ತಿಗೆ ಹೊಡೆಯುವ ಎಣ್ಣಿ ತರುವುದು ಅದೇ, ರಾತ್ರಿ ಕಾಲುವೆ ನೀರಿನ ಪಾಳಿಗೆ ಓಡುವುದೂ ಅದರ ಮೇಲೆಯೇ. ಅದರ ಗೊರಸು ನೋಡುವವರು ಯಾರು? ಆಯುಧ ಪೂಜೆಗೆ ಹಾರ ಹಾಕಿ ಗಾಲಿ ಕೆಳಗೆ ಲಿಂಬಿಹಣ್ಣು ಇಟ್ಟರೆ ಅಲ್ಲಿಗೆ ಮುಗಿಯಿತು ವರ್ಷದ ಸೇವೆ!

ಗಾಡಿ ಕೆಟ್ಟಾಗ ಹೋಗುವುದು ಮೆಕ್ಯಾನಿಕ್ಕನಿಗೆ ಕೊಡುವ ರೊಕ್ಕ ಮಾತ್ರ ಅಲ್ಲ. ನೀರಿನ ಪಾಳಿ ತಪ್ಪುತ್ತದೆ. ಹತ್ತಿ ಬಿಡಿಸಲು ಕರೆದ ಆಳು ಹೊಲದ ಬದುವಿನಲ್ಲಿ ಕೂತಿರುತ್ತಾರೆ. ಅದಕ್ಕೇ ನಾನು ಹೇಳುವುದು, ಗಾಡಿ ರಿಪೇರಿಯನ್ನು ಮನೆಖರ್ಚಿನಲ್ಲಿ ಬರೆಯಬೇಡಿ, ಬೀಜ ಗೊಬ್ಬರದ ಪಕ್ಕದಲ್ಲಿ ಬರೆಯಿರಿ. ಆಗ ಅದರ ಮೇಲೆ ಕಣ್ಣು ಇರುತ್ತದೆ.

ನಮ್ಮ ಗಾಡಿಗೆ ಎರಡು ಶತ್ರು. ಬೇಸಿಗೆಯಲ್ಲಿ ಧೂಳು, ಮಳೆಗಾಲದಲ್ಲಿ ಎರಿ ಕೆಸರು. ಧೂಳು ಮೊದಲು ಹಿಡಿಯುವುದು ಏರ್ ಫಿಲ್ಟರನ್ನು. ಅದು ಕಟ್ಟಿದರೆ ಎಂಜಿನ್ನಿಗೆ ಉಸಿರು ಸಾಲದು. ಪೆಟ್ರೋಲು ಜಾಸ್ತಿ ಕುಡಿಯುತ್ತದೆ, ಪ್ಲಗ್ಗಿಗೆ ಕಪ್ಪು ಮಸಿ ಹಿಡಿಯುತ್ತದೆ, ಏರಿನಲ್ಲಿ ಎಳೆಯುವುದಿಲ್ಲ. ನಾವು "ಎಂಜಿನ್ ಹೋಯ್ತು" ಅಂತ ಹೇಳಿ ಗ್ಯಾರೇಜಿಗೆ ದೂಡಿಕೊಂಡು ಹೋಗುತ್ತೇವೆ. ಫಿಲ್ಟರು ಸ್ಪಂಜಿನದಾದರೆ ಸೀಮೆಎಣ್ಣೆಯಲ್ಲಿ ತೊಳೆದು, ಹಿಂಡಿ ಒಣಗಿಸಿ, ತುಸು ಎಂಜಿನ್ ಆಯಿಲ್ ಸವರಿ ಹಾಕಬಹುದು. ಕಾಗದದ್ದಾದರೆ ತೊಳೆಯಬಾರದು. ಅದರಲ್ಲೂ ಅಂಟು ಹಚ್ಚಿದ ಕಾಗದಕ್ಕೆ ಗಾಳಿ ಹೊಡೆಯುವುದೂ ತಪ್ಪು, ಬದಲಿಸುವುದೇ ದಾರಿ. ಕಂಪನಿಯ ಪುಸ್ತಕದಲ್ಲಿ ಬರೆದ ಕಿಲೋಮೀಟರು ಟಾರು ರಸ್ತೆಯವರಿಗೆ. ಹೊಲದ ದಾರಿಯಲ್ಲಿ ಓಡುವವರು ಅಷ್ಟು ದಿನ ಕಾಯಬಾರದು.

ಪ್ಲಗ್ಗು ಬಿಚ್ಚಿ ನೋಡುವುದನ್ನು ಪ್ರತಿಯೊಬ್ಬರೂ ಕಲಿಯಬೇಕು. ನಾಡಿ ಹಿಡಿದ ಹಾಗೆ ಅದು. ತುದಿ ಇಟ್ಟಂಗಿ ಬಣ್ಣ ಇದ್ದರೆ ಎಲ್ಲ ಸರಿ. ಒಣ ಮಸಿ ಇದ್ದರೆ ಗಾಳಿ ಕಮ್ಮಿ, ಪೆಟ್ರೋಲು ಹೆಚ್ಚು. ಎಣ್ಣೆಯಿಂದ ಜಿಡ್ಡಾಗಿದ್ದರೆ ಎಂಜಿನ್ ಆಯಿಲ್ ಒಳಗೆ ಉರಿಯುತ್ತಿದೆ, ರಿಂಗು ನೋಡಿಸಬೇಕು. ಬೆಳ್ಳಗೆ ಸುಟ್ಟಂತಿದ್ದರೆ ಎಂಜಿನ್ ಅತಿಯಾಗಿ ಕಾಯುತ್ತಿದೆ. ಇಷ್ಟು ಗೊತ್ತಿದ್ದರೆ ಗ್ಯಾರೇಜಿನಲ್ಲಿ ಯಾರೂ ನಮಗೆ ಬೇಡದ ಸಾಮಾನು ಹಚ್ಚಲು ಆಗುವುದಿಲ್ಲ.

ಇನ್ನು ಎಂಜಿನ್ ಆಯಿಲ್. "ಟ್ರ್ಯಾಕ್ಟರಿಂದು ಉಳದದ, ಅದನ್ನೇ ಹಾಕ್ರಿ" ಅನ್ನುವವರಿದ್ದಾರೆ. ಗೇರಿನ ಬೈಕಿನಲ್ಲಿ ಕ್ಲಚ್ ಪ್ಲೇಟು ಎಣ್ಣೆಯಲ್ಲೇ ಮುಳುಗಿರುತ್ತದೆ. ಟ್ರ್ಯಾಕ್ಟರಿನ ಎಣ್ಣೆ ಅದಕ್ಕಾಗಿ ಮಾಡಿದ್ದಲ್ಲ. ನೂರು ಸಿಸಿ ಗಾಡಿಗೆ ಬೇಕಾಗುವುದು ಸುಮಾರು ಒಂದು ಲೀಟರು, ಅದರಲ್ಲಿ ಜಿಪುಣತನ ಬೇಡ.

ಎರಿ ಕೆಸರಿನ ಬಗ್ಗೆ ನಮ್ಮವರಿಗೆ ನಾನು ಹೇಳಬೇಕಿಲ್ಲ. ಮಡ್‌ಗಾರ್ಡಿಗೂ ಗಾಲಿಗೂ ನಡುವೆ ತುಂಬಿಕೊಂಡು ಗಾಲಿಯೇ ತಿರುಗದು; ಕಡ್ಡಿಯಿಂದ ಗೀರುತ್ತಾ ನಿಲ್ಲಬೇಕು. ಅದನ್ನು ಮನೆಗೆ ತಂದು ಒಣಗಲು ಬಿಟ್ಟರೆ ಸಿಮೆಂಟು. ಹಸಿ ಇದ್ದಾಗಲೇ ತೊಳೆಯಿರಿ. ಆದರೆ ಎಣ್ಣಿ ಹೊಡೆಯುವ ಪಂಪು ಹಿಡಿದು ಗಾಲಿಯ ಬೇರಿಂಗಿಗೆ, ಸೈಲೆನ್ಸರ್ ಬಾಯಿಗೆ ಜೋರಾಗಿ ನೀರು ಹೊಡೆಯಬೇಡಿ. ಯೂರಿಯಾ ಚೀಲ ಸೋರಿದ್ದರೆ ಅದೇ ದಿನ ತೊಳೆಯಬೇಕು. ಗೊಬ್ಬರ ಗಾಳಿಯ ತೇವ ಹೀರಿ ಚೈನು, ಸ್ಪೋಕ್ಸು ತಿನ್ನುತ್ತದೆ. ತೊಳೆದ ಮೇಲೆ ಚೈನಿಗೆ ಎಣ್ಣೆ. ಹಳ್ಳ ದಾಟಿದ ಮೇಲೆ ಬ್ರೇಕು ಹಿಡಿಯದಿದ್ದರೆ ಹೆದರಬೇಡಿ. ಮೆಲ್ಲಗೆ ಓಡಿಸುತ್ತಾ ಹಗುರಾಗಿ ಬ್ರೇಕು ಒತ್ತುತ್ತಾ ಹೋದರೆ ಡ್ರಮ್ಮು ಒಣಗುತ್ತದೆ.

ಒಂದು ವಿಷಯದಲ್ಲಿ ಮಾತ್ರ ನನಗೆ ಸಿಟ್ಟಿದೆ. ಕ್ಯಾನು, ಚೀಲ ಕಟ್ಟಲು ಅಡ್ಡ ಬರುತ್ತದೆ ಅಂತ ಹಿಂದಿನ ಗಾಲಿಯ ಸೀರೆ ಗಾರ್ಡು ಬಿಚ್ಚಿ ಕೊಟ್ಟಿಗೆಯಲ್ಲಿ ಎಸೆಯುತ್ತಾರೆ. ಅದೇ ಗಾಡಿ ಮೇಲೆ ಅವ್ವ, ಹೆಂಡತಿ ಕಳೆ ತೆಗೆಯಲು, ಹತ್ತಿ ಬಿಡಿಸಲು ಸೀರೆಯುಟ್ಟು ಕೂತು ಬರುತ್ತಾರೆ. ಸೆರಗು ಗಾಲಿಗೆ ಸುತ್ತಿದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕೆ? 1989ರ ಮೋಟಾರು ವಾಹನ ನಿಯಮದಲ್ಲೇ ಹಿಂದಿನ ಗಾಲಿಯ ಅರ್ಧಕ್ಕೆ ಕಡಿಮೆಯಿಲ್ಲದಂತೆ ಮರೆ ಇರಬೇಕು ಅಂತಿದೆ. ಪೊಲೀಸರ ಭಯಕ್ಕಲ್ಲ, ಮನೆಯವರ ಸಲುವಾಗಿ ಇವತ್ತೇ ಹಚ್ಚಿಸಿ.

2020ರ ಏಪ್ರಿಲ್ ನಂತರ ಬಂದ ಬಿಎಸ್-6 ಗಾಡಿಗಳ ಮಾತು ಬೇರೆ. ಹೆಚ್ಚಿನವಕ್ಕೆ ಕಾರ್ಬೊರೇಟರ್ ಇಲ್ಲ, ಪೆಟ್ರೋಲು ಎರಚುವ ಇಂಜೆಕ್ಟರು. "ಇದು ನಮ್ಮ ಕೈಗೆ ಸಿಗಂಗಿಲ್ಲ" ಅಂತ ಬೈಯುವವರು ಬಹಳ. ಪೂರ್ತಿ ಒಪ್ಪುವುದಿಲ್ಲ ನಾನು. ಬೆಳಗಿನ ಚಳಿಗೆ ಚೋಕ್ ಎಳೆಯುವ ಕಾಟ ತಪ್ಪಿದೆ. ಆದರೆ ಇದರ ಜೀವ ಬ್ಯಾಟರಿ. ಬ್ಯಾಟರಿ ಪೂರ್ತಿ ಸತ್ತರೆ ಪೆಟ್ರೋಲ್ ಪಂಪು ಓಡದು, ದೂಡಿದರೂ ಏಳುವುದು ಕಷ್ಟ. ಟ್ಯಾಂಕು ಪೂರ್ತಿ ಬರಿದಾಗುವ ತನಕ ಓಡಿಸಬಾರದು; ಟ್ಯಾಂಕಿನೊಳಗಿನ ಪಂಪಿಗೆ ಪೆಟ್ರೋಲೇ ತಂಪು. ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಬೆರಕೆ ಇದೆ. ನೀರು ಸೇರಿದರೆ ಎಥೆನಾಲ್ ಅದರ ಜೊತೆ ಕೂಡಿ ತಳಕ್ಕೆ ಇಳಿಯುತ್ತದೆ. ಹೀಗಾಗಿ ಮಳೆಗಾಲದಲ್ಲಿ ಟ್ಯಾಂಕಿನ ಮುಚ್ಚಳದ ರಬ್ಬರು ನೋಡಿರಿ. ಬಾಟಲಿ ಪೆಟ್ರೋಲು ಆದಷ್ಟು ಬೇಡ.

ಕಂಪನಿಯವರಿಗೂ ಒಂದು ಮಾತು. ಇಂಥ ಗಾಡಿಯ ಎಚ್ಚರಿಕೆ ದೀಪ ಹತ್ತಿದರೆ ದೋಷ ಓದುವ ಯಂತ್ರ ಬೇಕು. ಅದು ತಾಲೂಕಿನ ಷೋರೂಮಿನಲ್ಲಷ್ಟೇ ಇದ್ದರೆ ಕೆಂಭಾವಿ, ಕಕ್ಕೇರಾ, ವಡಗೇರಾ ಕಡೆಯ ಹಳ್ಳಿಯವರು ಏನು ಮಾಡಬೇಕು? ಗಾಡಿ ಹಳ್ಳಿಗೆ ಮಾರುತ್ತೀರಿ, ಕಲಿಕೆಯೂ ಹಳ್ಳಿಗೆ ಬರಲಿ. ಗಿಡದ ಕೆಳಗೆ ಗ್ಯಾರೇಜು ಇಟ್ಟ ಹುಡುಗರನ್ನು ಕರೆದು ನಾಲ್ಕು ದಿನ ತರಬೇತಿ ಕೊಡಿ. ಗಾಡಿಯ ಜೊತೆಗೆ ಚಿತ್ರ ಸಮೇತ ಕನ್ನಡ ಪುಸ್ತಕ ಕೊಡಿ. ನಾವೂ ಖರೀದಿ ಮಾಡುವಾಗ ಮೈಲೇಜು ಕೇಳುವ ಮೊದಲು ಆ ಪುಸ್ತಕ ಕೇಳೋಣ.