ಕಾಸಿನ ಮೇಲೆ ಕುಳಿತ ಗರುಡ

ಕೃಷ್ಣಾ–ತುಂಗಭದ್ರಾ ನದಿಗಳ ನಡುವಣ ಮಾನ್ವಿಯ ಸೀಮೆ ಹಿಂದೆ ಎಡೆದೊರೆ ನಾಡೆಂದು ಹೆಸರಾಗಿತ್ತು. ಈ ನೆಲಕ್ಕಾಗಿ ವಿಜಯನಗರದ ಅರಸರೂ ಬಹಮನಿ ಸುಲ್ತಾನರೂ ಮತ್ತೆ ಮತ್ತೆ ಕಾದಾಡಿದರು. 1520ರಲ್ಲಿ ಕೃಷ್ಣದೇವರಾಯನು ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನನ್ನು ಸೋಲಿಸಿ ರಾಯಚೂರು ಕೋಟೆಯನ್ನು ಗೆದ್ದನು. ದಂಡು, ಸಂತೆ, ವ್ಯಾಪಾರ ನಡೆದ ಇಂಥ ನಾಡಿನಲ್ಲಿ ಹೊಲ ಹರಗುವಾಗಲೋ ಪಾಯ ತೋಡುವಾಗಲೋ ಹಸಿರುಗಟ್ಟಿದ ತಾಮ್ರದ ಬಿಲ್ಲೆ ಸಿಕ್ಕರೆ ಅಚ್ಚರಿಯಿಲ್ಲ.

ಕೃಷ್ಣದೇವರಾಯನ ತಾಮ್ರದ ಕಾಸಿನ ಒಂದು ಮುಖದಲ್ಲಿ ರೆಕ್ಕೆಯುಳ್ಳ ಗರುಡ ಮಂಡಿಯೂರಿದ್ದಾನೆ. ಇನ್ನೊಂದರಲ್ಲಿ ನಾಗರಿ ಲಿಪಿಯಲ್ಲಿ ರಾಯನ ಹೆಸರಿದೆ. ಮೊದಲಿನ ಹರಿಹರ, ಬುಕ್ಕರ ನಾಣ್ಯಗಳಲ್ಲಿ ಹನುಮಂತನಿದ್ದರೆ, ಅಚ್ಯುತರಾಯನವುಗಳಲ್ಲಿ ಆನೆಗಳನ್ನು ಹಿಡಿದ ಗಂಡಭೇರುಂಡವಿದೆ. ಓದುಬರಹ ಬಾರದವನಿಗೂ ಇದು ಯಾರ ಕಾಸೆಂದು ಚಿತ್ರವೇ ಹೇಳುತ್ತಿತ್ತು. ಜನರು ನಂಬಿದ ಚಿತ್ರವನ್ನು ಬದಲಿಸುವುದು ಸುಲಭವಲ್ಲ. 1761ರಲ್ಲಿ ಮೈಸೂರಿನ ಅಧಿಕಾರ ಹಿಡಿದ ಹೈದರಾಲಿಯೂ ತನ್ನ ಚಿನ್ನದ ವರಹದಲ್ಲಿ ಶಿವ-ಪಾರ್ವತಿಯರನ್ನು ಉಳಿಸಿಕೊಂಡನು!

ಗ್ರೀಕರೂ ಹೀಗೆಯೇ ಮಾಡಿದ್ದರು. ಅಥೆನ್ಸಿನ ಕಂಚಿನ ನಾಣ್ಯಗಳಲ್ಲಿ ಅಥೀನಾ ದೇವಿ ಮತ್ತು ಅವಳ ಗೂಬೆಯಿವೆ. ಈಜಿಪ್ತನ್ನು ಆಳಿದ ಗ್ರೀಕ್ ಮೂಲದ ಟಾಲೆಮಿ ಅರಸರ ಕಂಚಿನ ನಾಣ್ಯಗಳಲ್ಲಿ ಜ್ಯೂಸ್ ದೇವನ ಮುಖವಿದ್ದರೆ, ಹಿಂಬದಿಯಲ್ಲಿ ಅವನ ಹದ್ದು ಇದೆ. ವಿಷ್ಣುವಿಗೆ ಗರುಡ, ಜ್ಯೂಸನಿಗೆ ಹದ್ದು!

ಈ ಚಿತ್ರಗಳನ್ನು ಮೂಡಿಸುವ ವಿಧಾನವೂ ಒಂದೇ. ಗಟ್ಟಿ ಅಚ್ಚಿನಲ್ಲಿ ಚಿತ್ರವನ್ನು ತಿರುವುಮುರುವಾಗಿ, ತಗ್ಗಾಗಿ ಕೊರೆಯುತ್ತಾರೆ. ಎರಡು ಅಚ್ಚುಗಳ ನಡುವೆ ಲೋಹದ ಬಿಲ್ಲೆಯಿಟ್ಟು ಸುತ್ತಿಗೆಯಿಂದ ಹೊಡೆದರೆ ಚಿತ್ರ ಉಬ್ಬಾಗಿ ನೇರವಾಗಿ ಮೂಡುತ್ತದೆ. ಬಿಲ್ಲೆ ಸ್ವಲ್ಪ ಸರಿದಿದ್ದರೆ ಗರುಡನ ರೆಕ್ಕೆ ಅಂಚಿನಾಚೆ ಹೋಗುತ್ತದೆ.

ಮಣ್ಣಿನಲ್ಲಿ ತಾಮ್ರವು ತೇವ, ಆಮ್ಲಜನಕ, ಇಂಗಾಲದ ಡೈಆಕ್ಸೈಡುಗಳೊಡನೆ ಸೇರಿ ಹಸಿರು ಕಿಲುಬಾಗುತ್ತದೆ. ಹಳೆಯ ನಾಣ್ಯದ ಸೂಕ್ಷ್ಮ ಗೆರೆಗಳು ಎಷ್ಟೋ ವೇಳೆ ಈ ಪದರದಲ್ಲಿಯೇ ಉಳಿದಿರುತ್ತವೆ. ಹಂಡೆ ಬೆಳಗುವಂತೆ ಹುಣಸೆಹುಳಿ ಹಚ್ಚಿ ತಿಕ್ಕಿದರೆ ಹುಳಿಯ ಆಮ್ಲ ಕಿಲುಬನ್ನು ಕರಗಿಸುತ್ತದೆ. ಆಗ ಬಿಲ್ಲೆ ಹೊಳೆಯುತ್ತದೆ, ಆದರೆ ಗರುಡನೂ ಅಕ್ಷರವೂ ಅಳಿಸಿಹೋಗುತ್ತವೆ. ಗುಜರಿಗೆ ಹಾಕಿದರಂತೂ ಕರಗಿದ ತಾಮ್ರದ ಬೆಲೆಯಷ್ಟೇ ಗತಿ.

ಆದ್ದರಿಂದ ಮಕ್ಕಳೇ, ನಾಣ್ಯ ಸಿಕ್ಕರೆ ತಿಕ್ಕಬೇಡಿ. ಒಣ ಕಾಗದದಲ್ಲಿ ಸುತ್ತಿ, ಸಿಕ್ಕ ಜಾಗ ಮತ್ತು ದಿನವನ್ನು ಬರೆದಿಡಿ. ಜಾಗ ತಿಳಿಯದ ನಾಣ್ಯ ಅರ್ಧ ಮೂಕ. ಪಾಲಕರು ಗಮನಿಸಬೇಕಾದುದೂ ಇದೆ: ನಿಧಿ ಕಾಯ್ದೆಯ ಪ್ರಕಾರ ನೆಲದಲ್ಲಿ ಸಿಕ್ಕ ನಿಧಿಯನ್ನು ಜಿಲ್ಲಾಧಿಕಾರಿಗೆ ತಿಳಿಸಲೇಬೇಕು. ಹಂಪಿಗೆ ಹೋದಾಗ ಕಮಲಾಪುರದ ವಸ್ತುಸಂಗ್ರಹಾಲಯದಲ್ಲಿ ವಿಜಯನಗರದ ನಾಣ್ಯಗಳನ್ನು ಮಕ್ಕಳಿಗೆ ತೋರಿಸಿ. ಒಮ್ಮೆ ನೋಡಿದ ಕಣ್ಣು ಹೊಲದಲ್ಲಿಯೂ ಗುರುತಿಸುತ್ತದೆ.